ಅತ್ತೆಯ ಬೀಪ್

ಬಾಯಿ ಬಿಟ್ಟರೆ ಬೈಗುಳ ಎಂದು ಬೀದಿಯವರೆಲ್ಲ ಹೇಳುತ್ತಿದ್ದರೂ ಅತ್ತೆಯನ್ನು ಕೆಟ್ಟವಳೆಂದು ಒಬ್ಬರೂ ಅಂದದ್ದಿಲ್ಲ. ಮೂವತ್ತು ವರ್ಷ ದೊಡ್ಡದೊಂದು ಹೋಟೆಲಿನ ಲಾಂಡ್ರಿಯಲ್ಲಿ ದುಡಿದವಳು. ಆ ಮೆಷಿನುಗಳ ಗದ್ದಲದಲ್ಲಿ ಮೆತ್ತಗೆ ಹೇಳಿದ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲವಂತೆ. ಬೈದರೆ ಮಾತ್ರ ಕೆಲಸ ಸಾಗುತ್ತಿತ್ತಂತೆ. ಕೆಲಸ ಬಿಟ್ಟರೂ ನಾಲಿಗೆ ಬಿಡಲಿಲ್ಲ. ಕೈಯಿಂದ ಸಾಬೂನು ಜಾರಿದರೆ ಸಾಬೂನಿಗೆ, ಲಿಫ್ಟು ಕೆಟ್ಟರೆ ಲಿಫ್ಟು ಮಾಡಿದವನ ಇಡೀ ವಂಶಕ್ಕೆ ಮಂಗಳಾರತಿಯಾಗುತ್ತಿತ್ತು.

ಸೊಸೆಗೆ ಮೊದಮೊದಲು ಇದು ಎದೆಗೇ ನಾಟುತ್ತಿತ್ತು. ಅವಳು ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೌಂಟರಿನವಳು. ದಿನವಿಡೀ ಗಿರಾಕಿಗಳಿಗೆ ನಗುಮುಖ ತೋರಿಸಿ ಕೆನ್ನೆ ನೋಯಿಸಿಕೊಂಡು ಬಂದರೆ ಬಾಗಿಲಲ್ಲೇ "ಬಂತಾ ಹಾಳು ಮುಂಡೇದು" ಎಂಬ ಸ್ವಾಗತ. ಲಾರಿ ಓಡಿಸುವ ಗಂಡ ವಾರಕ್ಕೆರಡು ದಿನ ಮನೆಯಲ್ಲಿರುತ್ತಿದ್ದ. "ಅಮ್ಮಂದು ಬಾಯಿ ಅಷ್ಟೇ. ಮನಸ್ಸಲ್ಲಿ ಏನೂ ಇಲ್ಲ" ಎನ್ನುತ್ತಿದ್ದ.

"ಮನಸ್ಸು ನನಗೆಲ್ಲಿ ಕಾಣುತ್ತೆ? ಬಾಯಿ ಮಾತ್ರ ಕೇಳ್ಸುತ್ತೆ" ಎನ್ನುತ್ತಿದ್ದಳು ಅವಳು.

ಮಗಳು ಒಂದನೇ ಕ್ಲಾಸಿಗೆ ಹೋದ ವರ್ಷ ಶಾಲೆಯಿಂದ ಕರೆ ಬಂತು. ಹುಡುಗಿ ತನ್ನ ಟೀಚರನ್ನೇ ಮುಂಡೇದು ಎಂದಿದ್ದಳು. ಏಕೆಂದು ಕೇಳಿದರೆ, "ನೀವಂದ್ರೆ ನಂಗೆ ಇಷ್ಟ. ಅಜ್ಜಿ ಇಷ್ಟ ಆದೋರನ್ನ ಹಾಗೇ ಕರೆಯೋದು" ಎಂದಳಂತೆ. ಅಂದು ಸಂಜೆ ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೇ ಓಡಾಡಿದಳು. ಕೊನೆಗೆ ದಾರಿ ತೋರಿಸಿದವಳೂ ಮೊಮ್ಮಗಳೇ.

"ಟೀವೀಲಿ ಕೆಟ್ಟ ಮಾತು ಬಂದ್ರೆ ಬೀಪ್ ಅನ್ನುತ್ತಲ್ಲ ಅಜ್ಜಿ, ನೀನೂ ಹಾಗೇ ಅನ್ನು."

ಅಲ್ಲಿಂದ ಮನೆಯ ಭಾಷೆಯೇ ಬದಲಾಯಿತು. ಬೀಪ್ ನಲ್ಲಿಯಲ್ಲಿ ನೀರು ನಿಂತಿತು, ಬೀಪ್ ಬೆಕ್ಕು ಹಾಲು ಚೆಲ್ಲಿತು. ಸಂಜೆ ಸೊಸೆ ಬರುವುದು ಐದು ನಿಮಿಷ ತಡವಾದರೆ, "ನಮ್ಮ ಬೀಪ್ ಇನ್ನೂ ಬಂದಿಲ್ವಾ?" ಎಂದು ಅತ್ತೆ ಮೂರು ಮಹಡಿಗೂ ಕೇಳುವಂತೆ ವಿಚಾರಿಸುತ್ತಿದ್ದಳು. ಬೇರೆಲ್ಲದಕ್ಕೂ ಅದು ಬೈಗುಳವಾದರೆ ಸೊಸೆಗೆ ಹೆಸರೇ ಆಗಿಹೋಯಿತು.

"ಕೌಂಟರಲ್ಲಿ ದಿನಕ್ಕೆ ಸಾವಿರಾರು ಬೀಪ್ ಕೇಳ್ತೀನಿ ಅತ್ತೆ. ಅಲ್ಲಿ ಒಂದು ಸಾಮಾನಿನ ಲೆಕ್ಕ ಮುಗೀತು ಅಂತ ಅರ್ಥ. ಮನೇಗೆ ಬಂದ್ರೆ ಬೈಸಿಕೊಂಡೆ ಅಂತ."

"ಬೈದದ್ದಲ್ಲ ಕಣೇ ಅದು," ಎಂದಳು ಅತ್ತೆ, ಬಟ್ಟೆ ಮಡಚುತ್ತ. "ಕರೆದದ್ದು."

ಒಂದು ದಿನ ಅತ್ತೆಯ ಕಾಲುಗಳು ಬಾತುಕೊಂಡವು. ನಾಲ್ಕು ಮೆಟ್ಟಿಲಿಗೆ ಏದುಸಿರು. ಹೃದಯ ಸೋತಿದೆ ಎಂದು ಡಾಕ್ಟರು ಆಸ್ಪತ್ರೆಯಲ್ಲೇ ಉಳಿಸಿಕೊಂಡರು. ಎದೆಗೆ ವೈರು ಅಂಟಿಸಿ ಪಕ್ಕದಲ್ಲಿ ಬೀಪ್ ಬೀಪ್ ಎನ್ನುವ ಮೆಷಿನ್ ಇಟ್ಟರು.

"ಈ ಪೆಟ್ಟಿಗೆ ಬಿಡುವಿಲ್ಲದೆ ನನ್ನನ್ನ ಬೈತಾ ಇದೆಯಲ್ಲೇ," ಎಂದಳು ಅತ್ತೆ. "ನಾನು ಊರಿಗೆಲ್ಲ ಹಂಚಿದ್ದು ವಾಪಸ್ ಬರ್ತಿದೆ ನೋಡು."

"ಬೈಲಿ ಬಿಡಿ ಅತ್ತೆ. ಅದು ಸುಮ್ನಾದ್ರೇನೇ ನಮಗೆ ಭಯ."

ಐದು ದಿನ ಸೊಸೆ ಪಕ್ಕದ ಸ್ಟೂಲಿನಲ್ಲೇ ಕೂತಳು. ಕಾಲು ಒತ್ತಿದಳು, ತಲೆ ಬಾಚಿದಳು. ಆರನೆಯ ದಿನಕ್ಕೆ ರಜೆ ಮುಗಿದಿತ್ತು. "ಮೂರು ಗಂಟೆಗೆಲ್ಲ ಬಂದ್ಬಿಡ್ತೀನಿ" ಎಂದಳು.

"ಹೋಗು, ನಾನೇನು ಓಡಿಹೋಗ್ತೀನಾ?"

ಕೆಲಸದ ಹೊತ್ತಿನಲ್ಲಿ ಫೋನುಗಳು ಲಾಕರಿನಲ್ಲಿರಬೇಕು. ಹನ್ನೊಂದೂವರೆಯ ಟೀ ಬಿಡುವಿನಲ್ಲಿ ತೆಗೆದು ನೋಡಿದರೆ ಆಸ್ಪತ್ರೆಯಿಂದ ಐದು ಕರೆ. ಅವಳು ಯೂನಿಫಾರ್ಮಿನಲ್ಲೇ ಆಟೋ ಹಿಡಿದು ಓಡಿದಳು. ಹಾಸಿಗೆಯ ಸುತ್ತ ಪರದೆ ಎಳೆದಿದ್ದರು. ಮೆಷಿನ್ ಆರಿತ್ತು, ವೈರುಗಳನ್ನು ಸುತ್ತಿ ಅದರ ಮೇಲಿಟ್ಟಿದ್ದರು.

ಚಿಕ್ಕ ವಯಸ್ಸಿನ ನರ್ಸ್ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ನೀರು ಕೊಟ್ಟಳು. "ನೋವೇನೂ ಪಡ್ಲಿಲ್ಲಕ್ಕ. ಆದ್ರೆ ಬೆಳಗ್ಗೆಯಿಂದ ಒಂದೇ ಮಾತು. 'ಬೀಪ್ ಬಂದಿಲ್ವಾ, ಬೀಪ್ ಬಂದಿಲ್ವಾ' ಅಂತ. 'ಬರ್ತಾ ಇದೆ ಅಜ್ಜಿ, ಮೆಷಿನ್ ಸರಿಯಾಗೇ ಇದೆ' ಅಂದೆ. ಇಲ್ಲ ಅಂತ ತಲೆ ಆಡಿಸ್ತಿದ್ರು. ಕಿವಿ ಮಂದ ಆಗಿದೆಯೇನೋ ಅಂತ ನಾನೇ ಸೌಂಡ್ ಜಾಸ್ತಿ ಮಾಡ್ದೆ."

ಸೊಸೆ ಅವಳ ಮುಖ ನೋಡಿದಳು. ಬೆಳಗಿನಿಂದ ನಿಂತೇ ದುಡಿದು ಬಾಡಿದ ಮುಖ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, "ಒಳ್ಳೇದು ಮಾಡಿದ್ರಿ ಸಿಸ್ಟರ್" ಎಂದಳು.

ಗಂಡನಿಗೆ ಫೋನ್ ಮಾಡಿದಾಗ ಅವನು ಒಂದು ದಿನದ ದಾರಿಯಷ್ಟು ದೂರದಲ್ಲಿದ್ದ. ಲಾರಿ ನಿಲ್ಲಿಸಿದ ಸದ್ದು ಕೇಳಿತು. "ನೀನು ಹತ್ರ ಇದ್ಯಲ್ಲ, ಅಷ್ಟು ಸಾಕು" ಎಂದ. ಇರಲಿಲ್ಲವೆಂದು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ.

ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತಳು. ಮಗಳು ಯೂನಿಫಾರ್ಮ್ ನೋಡಿ, "ಇವತ್ತು ಬೇಗ ಬಿಟ್ರಾ?" ಎಂದಳು.

"ಅಜ್ಜಿ ಹೋಗ್ಬಿಟ್ರು ಪುಟ್ಟಿ."

"ನೀನು ಅಲ್ಲಿದ್ಯಾ?"

"ಇರ್ಲಿಲ್ಲ."

ಹುಡುಗಿಯ ಶೂ ಲೇಸು ಬಿಚ್ಚಿಹೋಗಿತ್ತು. ಸೊಸೆ ಫುಟ್‌ಪಾತಿನ ಮೇಲೆ ಮಂಡಿಯೂರಿ ಕಟ್ಟತೊಡಗಿದಳು. ಬೆರಳಿಗೆ ಗಂಟು ಸಿಕ್ಕಲಿಲ್ಲ. ಎರಡು ಸಲ ಜಾರಿತು. ಮೂರನೆಯ ಸಲ ಅವಳು ಲೇಸನ್ನು ಹಿಡಿದುಕೊಂಡೇ ಅತ್ತಳು. ಮಕ್ಕಳೆಲ್ಲ ಪಕ್ಕದಿಂದ ಹಾದುಹೋದರು. ಮಗಳು ತಾಯಿಯ ತಲೆಯ ಮೇಲೆ ಕೈಯಿಟ್ಟುಕೊಂಡು, ಕಾಲು ಕದಲಿಸದೆ ನಿಂತಿದ್ದಳು.