ರಂಗೂನಿಗೆ ಹೊರಟ ಸುಗಂಧರಾಜ

ಹುಣಸೂರಿನ ಬಡಗಿ ಪೀರ್ ಸಾಬರ ಸೊಸೆ ಫಾತಿಮುನ್ನೀಸಾ ಆ ಮಳೆಗಾಲವನ್ನೆಲ್ಲ ಅಟ್ಟದ ಮೇಲೆಯೇ ಕಳೆದಳು ಎನ್ನಬೇಕು. ಅಲ್ಲಿ ಒಣಮರಳಿನಲ್ಲಿ ಸುಗಂಧರಾಜದ ಗೆಡ್ಡೆಗಳಿದ್ದವು. ಒಂದು ಕೊಳೆತರೆ ಪಕ್ಕದ್ದಕ್ಕೂ ಹತ್ತುತ್ತದೆ. ಅದಕ್ಕೇ ಒಂದೊಂದನ್ನೂ ಒತ್ತಿ ನೋಡಿ, ಮೆತ್ತಗಾದದ್ದನ್ನು ಬಿಸಾಡುತ್ತಿದ್ದಳು.

ಗೆಡ್ಡೆ ಬೇಕೆಂದವನು ಅವಳ ಗಂಡ ಮುಖ್ತಾರ್. ಮದುವೆಯಾದ ವರ್ಷವೇ ಹಡಗು ಹತ್ತಿ, ರಂಗೂನಿನಲ್ಲಿ ಒಬ್ಬ ದೊರೆಯ ತೋಟದ ಮಾಲಿಯಾಗಿದ್ದ. ದೊರೆಸಾನಿಗೆ ನಮ್ಮೂರ ಸುಗಂಧರಾಜ ಬೇಕಂತೆ, ಅದು ಹೂ ಬಿಟ್ಟರೆ ನಿನ್ನನ್ನೂ ಕರೆಸಿಕೊಳ್ಳಲು ಒಪ್ಪಿದ್ದಾರೆ ಎಂದು, ಅಲ್ಲೇ ಕೆಲಸಕ್ಕಿದ್ದು ರಜೆಗೆ ಬಂದ ಪಿರಿಯಾಪಟ್ಟಣದ ಗುರುಮಲ್ಲಪ್ಪನ ಕೈಲಿ ಹೇಳಿ ಕಳುಹಿಸಿದ್ದ.

ದೀಪಾವಳಿ ಕಳೆದ ಮೇಲೆ ಪೀರ್ ಸಾಬರು ಪೆಟ್ಟಿಗೆ ಮಾಡಿ, ಗಾಳಿಯಾಡಲು ಸುತ್ತ ತೂತು ಕೊರೆದರು. ಕಾಡಂಚಿನ ಹಾಡಿಯಿಂದ ಹಿತ್ತಲ ಕೂಲಿಗೆ ಬರುತ್ತಿದ್ದ ಚಿಕ್ಕಮಾದಿ ಭತ್ತದ ಹೊಟ್ಟು ಒಣಗಿಸಿ ತುಂಬಿದಳು.

"ನೀವೂ ಇದ್ರೊಳ್ಗೇ ಕೂತ್ಕಂಡ್ಬುಡ್ರವ್ವಾ," ಎಂದಳು. ಫಾತಿಮುನ್ನೀಸಾ ಸೆರಗು ಬಾಯಿಗಿಟ್ಟು ನಕ್ಕಳು.

ಪೆಟ್ಟಿಗೆ ಮೋಟಾರಿನಲ್ಲಿ ಮೈಸೂರಿಗೆ, ರೈಲಿನಲ್ಲಿ ಮದರಾಸಿಗೆ ಹೋಯಿತು. ಬಂದರಿನಲ್ಲಿ ಅದು ಹಡಗಿಗೆ ಕಾದಿರುವಾಗಲೇ ಜಪಾನಿನವರು ರಂಗೂನಿನ ಮೇಲೆ ಬಾಂಬು ಹಾಕಿದರು.

ಬೇಸಿಗೆಯಲ್ಲಿ ಪೆಟ್ಟಿಗೆ ವಾಪಸು ಬಂತು. ಮುಚ್ಚಳ ಮೀಟಿ ತೆಗೆದರೆ ಕೆಟ್ಟ ನಾತ. ಎಲ್ಲಿಯೋ ನೀರು ಕುಡಿದ ಹೊಟ್ಟು ಮುದ್ದೆಗಟ್ಟಿತ್ತು. ಕತ್ತಲಲ್ಲೇ ಹೊರಟ ಬಿಳಿಚು ಮೊಳಕೆಗಳು ಬಾಗಿ ಒಣಗಿದ್ದವು. ಸೊಸೆ ಎಲ್ಲವನ್ನೂ ಒತ್ತಿ ನೋಡಿದಳು. ಗಟ್ಟಿಯಾದದ್ದು ಒಂದೂ ಸಿಗಲಿಲ್ಲ.

"ಬುಡ್ರವ್ವಾ, ಗೆಡ್ಡೆ ತಾನೆ. ಯಜಮಾನ್ರು ಬತ್ತಾರೆ," ಎಂದಳು ಚಿಕ್ಕಮಾದಿ.

ಆಷಾಢದಲ್ಲಿ ಬಂದವನು ಗುರುಮಲ್ಲಪ್ಪ. ಗುರುತು ಸಿಗದಷ್ಟು ಸೊರಗಿದ್ದ. ಜಗುಲಿಯ ಮೇಲೆ ಕೂತು, ತಲೆ ಎತ್ತದೆ ಹೇಳಿದ:

"ರಂಗೂನ್ ಬುಟ್ಟು ಕಾಡ್ದಾರೀಲಿ ನಾನೂ ಮುಖ್ತಾರೂ ಒಟ್ಗೇ ನಡೀತಿದ್ವಿ, ಸಾಬ್ರೆ. ಬೇದಿ ಹತ್ಕಂಡು ಮಲಿಕ್ಕಂಬುಟ್ಟ. 'ನೀ ನಡಿ, ನಾ ಇಂದೆ ಬತ್ತೀನಿ' ಅಂದ. ನಾನು ನಡ್ದುಬುಟ್ಟೆ."

"ಸತ್ತದ್ದ ಕಣ್ಣಾರೆ ಕಂಡ್ರಾ?"

"ಇಲ್ಲ ಕಣ್ರೀ."

"ಅಂಗಾದ್ರೆ ಬತ್ತಾನೆ ಬುಡಿ," ಎಂದರು ಪೀರ್ ಸಾಬರು.

ಬಾಗಿಲ ಪರದೆಯ ಹಿಂದಿನಿಂದ ಫಾತಿಮುನ್ನೀಸಾ ಕೇಳಿದಳು: "ಅವ್ರ ಅತ್ರ ನೀರಿತ್ತಾ?"

"ಇರ್ಲಿಲ್ಲ ಕಣವ್ವಾ."

ಅವನು ಹೋದ ಮೇಲೂ ಪೀರ್ ಸಾಬರು ಜಗುಲಿ ಬಿಟ್ಟು ಏಳಲಿಲ್ಲ. ಮೈಸೂರಿನ ಮೋಟಾರು ಬರುವ ದಾರಿಯನ್ನೇ ನೋಡುತ್ತಿದ್ದರು. ಫಾತಿಮುನ್ನೀಸಾ ಒಳಗೆ ಬಳೆಗಳನ್ನು ಕಳಚಲು ಹೋದಳು. ಬರಿಗೈ ಕಂಡರೆ ಮಾವನ ಜೀವ ಉಳಿಯಲಾರದೆಂದು ಹಾಗೇ ಬಿಟ್ಟು, ಒಲೆ ಹಚ್ಚಿದಳು.