ಮೂರನೇ ಸಾಲು

ಗಾಡಿ ನೋಡಲು ಹೊರಟವರ ಜೊತೆ ಡಬರಿಯೂ ಹೊರಟಿತ್ತು. ಮನೆದೇವರ ಹತ್ತಿರ ಪೊಂಗಲ್ ಬೇಯಿಸುವ, ಎರಡು ಕೈಯಲ್ಲಿ ತಬ್ಬಿ ಎತ್ತಬೇಕಾದ ದೊಡ್ಡ ಸ್ಟೀಲ್ ಡಬರಿ. ವೆಸ್ಟ್ ಆಫ್ ಕಾರ್ಡ್ ರೋಡಿನ ಶೋರೂಮಿನ ಮುಂದೆ ಹೆಂಡತಿ ಅದನ್ನು ಇಳಿಸುತ್ತಿದ್ದುದನ್ನು ಕಂಡು ಕಾಂತರಾಜು ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ನೋಡಿದ.

“ಶೋರೂಮಿಗೆ ಯಾರಾದ್ರೂ ಪಾತ್ರೆ ಹೊತ್ಕೊಂಡು ಬರ್ತಾರೇನೇ? ಅಡುಗೆಯವರು ಬಂದ್ರು ಅಂದ್ಕೋತಾರೆ.”

“ಅಂದ್ಕೊಳ್ಳಿ. ವರ್ಷಕ್ಕೆ ನಾಲ್ಕು ಸಲ ಇದನ್ನ ಕಾಲ ಸಂದೀಲಿ ಇಟ್ಕೊಂಡು ಹೋಗೋಳು ನಾನು. ಎಲ್ಲಿಡೋದು ಅಂತ ನೋಡ್ಬೇಕಲ್ಲ,” ಎಂದಳು ಕುಸುಮಾ.

ಅವರ ಮನೆಯ ಗಾಡಿಯಲ್ಲಿ ಯಾರು ಎಲ್ಲಿ ಕೂರಬೇಕೆಂದು ಯಾರೂ ಬರೆದಿಟ್ಟಿರಲಿಲ್ಲ, ಆದರೆ ಯಾರೂ ತಪ್ಪುತ್ತಲೂ ಇರಲಿಲ್ಲ. ಓಡಿಸುವುದು ಕಾಂತರಾಜು. ಪಕ್ಕದಲ್ಲಿ ಅವನ ತಾಯಿ ವೆಂಕಟಲಕ್ಷ್ಮಮ್ಮ. ಹಿರಿಯರು, ಜೊತೆಗೆ ಮಂಡಿನೋವು. ಮಧ್ಯದ ಸಾಲಿನಲ್ಲಿ, ನಂದಿನಿ ಲೇಔಟಿನಿಂದ ಬಂದು ಹತ್ತುವ ಕುಸುಮಾಳ ನಾದಿನಿ ಮತ್ತು ಅವಳ ಗಂಡ. ಮನೆಯ ಅಳಿಯನನ್ನು ಹಿಂದೆ ಕೂರಿಸಿದರೆ ಬೀಗರ ಕಡೆಯವರು ಆಡಿಕೊಳ್ಳುವುದಿಲ್ಲವೇ? ಅವರ ಪಕ್ಕ ಮಗ ದರ್ಶನ್, ಕಾಲು ಉದ್ದ ಎಂದು. ಇನ್ನು ಉಳಿದ ಹಿಂದಿನ ಸಾಲಿಗೆ ಕುಸುಮಾ, ಮಗಳು ರಮ್ಯ, ಡಬರಿ, ಬಾಳೆ ಎಲೆಯ ಕಟ್ಟು, ನೀರಿನ ಕ್ಯಾನು. ಮದುವೆಯಾಗಿ ಬಂದ ಇಪ್ಪತ್ತೆರಡು ವರ್ಷಗಳಲ್ಲಿ ಗಾಡಿ ಎರಡು ಸಲ ಬದಲಾಗಿತ್ತು, ಅವಳ ಜಾಗ ಬದಲಾಗಿರಲಿಲ್ಲ. ಈಗಿನ ಹಳೆಯ ಗಾಡಿಯಲ್ಲಂತೂ ಹಿಂದಿನ ಸೀಟು ಅಡ್ಡಕ್ಕಿತ್ತು, ಬೆಲ್ಟೂ ಇರಲಿಲ್ಲ.

ಹೋದ ವರ್ಷ ಸುಮನಹಳ್ಳಿ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಒಂದು ಟೆಂಪೊ ಹಿಂದಿನಿಂದ ಬಂದು ಗುದ್ದಿತ್ತು. ಮುಂದೆ ಕೂತವರಿಗೆ ಗೊತ್ತಾದದ್ದು ಸದ್ದು ಮಾತ್ರ. ಕುಸುಮಾ ಆರು ವಾರ ಕತ್ತಿಗೆ ಪಟ್ಟಿ ಹಾಕಿಕೊಂಡು ಮುದ್ದೆ ಕಟ್ಟಿದಳು. ರಮ್ಯ ಅವತ್ತು ಪರೀಕ್ಷೆಯೆಂದು ಮನೆಯಲ್ಲಿ ಉಳಿದಿದ್ದಳು. ಡೆಂಟ್ ತೆಗೆಸಲು ಕಾಂತರಾಜು ಮಾರನೆಯ ಬೆಳಿಗ್ಗೆಯೇ ಗಾಡಿಯನ್ನು ಕಾಮಾಕ್ಷಿಪಾಳ್ಯದ ಗ್ಯಾರೇಜಿಗೆ ಓಡಿಸಿಕೊಂಡು ಹೋಗಿದ್ದ. ಹೆಂಡತಿಯ ಕತ್ತಿನ ಬಗ್ಗೆ ಅವನು ಕೇಳಿದ್ದು ಒಂದೇ ಮಾತು: “ಇನ್ನೂ ಎಷ್ಟು ದಿನ ಅಂತೆ?”

ಆ ಮಾತು ಅವಳ ಹೊಟ್ಟೆಯಲ್ಲಿ ಒಂದು ವರ್ಷದಿಂದ ಕೆಂಡದ ಹಾಗೆ ಕೂತಿತ್ತು. ಆದ್ದರಿಂದಲೇ ಹೊಸ ಗಾಡಿಯ ಮಾತು ಬಂದಾಗ, ನಾನೂ ಬರುತ್ತೇನೆ, ರಮ್ಯನೂ ಬರಲಿ ಎಂದಿದ್ದಳು.

ಶೋರೂಮಿನ ಗಿರಿರಾಜ್ ಟೈ ಕಟ್ಟಿದ್ದ ಚುರುಕು ಹುಡುಗ. ಬಾಯಿ ತೆರೆದರೆ ‘ಸಾರ್’. ಮೈಲೇಜ್ ಸಾರ್, ಸ್ಕ್ರೀನ್ ಸಾರ್, ರಿವರ್ಸ್ ಕ್ಯಾಮೆರಾ ಸಾರ್. ಕುಟುಂಬಕ್ಕೆ ಹೇಳಿ ಮಾಡಿಸಿದ ಗಾಡಿ, ಏಳು ಸೀಟು, ಆದರೆ ಬಸವೇಶ್ವರನಗರದ ಗಲ್ಲಿಯಲ್ಲಿ ಸಲೀಸಾಗಿ ತಿರುಗುತ್ತದೆ ಎಂದ. ವೆಂಕಟಲಕ್ಷ್ಮಮ್ಮ ಮುಂದಿನ ಸೀಟಿನಲ್ಲಿ ಕೂತು, ಇಳಿದು, ಮತ್ತೆ ಕೂತು, ಹತ್ತೋಕೆ ಸುಲಭ ಇದೆ ಎಂದು ಒಪ್ಪಿಗೆ ಕೊಟ್ಟರು. ದರ್ಶನ್ ಹಾಡು ಹಾಕಿ ಸ್ಪೀಕರ್ ನೋಡಿದ.

ಕುಸುಮಾ ಹಿಂದಕ್ಕೆ ಹೋದಳು. ಮಧ್ಯದ ಸೀಟು ಮಡಚಿ, ಸೀರೆ ಎತ್ತಿಕೊಂಡು, ತಲೆ ಬಗ್ಗಿಸಿ ಒಳಗೆ ತೂರಿದಳು. ಮಂಡಿ ಎದೆಗೆ ಬಂತು. ಕೂತಲ್ಲಿಂದಲೇ ಕೈ ಹಿಂದಕ್ಕೆ ಚಾಚಿ ಅಳೆದಳು. ತಲೆಗೂ ಹಿಂದಿನ ಗಾಜಿಗೂ ಒಂದು ಗೇಣು, ಅಷ್ಟೆ.

“ಇಲ್ಲಿಗೆ ಏರ್‌ಬ್ಯಾಗ್ ಬರುತ್ತೇನಪ್ಪಾ?”

“ಏರ್‌ಬ್ಯಾಗ್ ಮಧ್ಯದ ಸಾಲಿನ ತನಕ ಮೇಡಂ. ಹಿಂದೆ ಬೆಲ್ಟ್ ಇದೆ,” ಎಂದ ಗಿರಿರಾಜ್. “ಅಲ್ಲಿ ಸಾಮಾನ್ಯವಾಗಿ ಮಕ್ಕಳು, ಲೇಡೀಸ್ ಕೂರ್ತಾರೆ. ಅಡ್ಜಸ್ಟ್ ಆಗುತ್ತೆ.”

“ಮಕ್ಕಳಿಗೂ ಲೇಡೀಸ್‌ಗೂ ತಲೆ ಇರಲ್ವಾ?”

ಗಿರಿರಾಜ್ ನಗಬೇಕೋ ಬೇಡವೋ ತಿಳಿಯದೆ ಕಾಂತರಾಜುವಿನ ಮುಖ ನೋಡಿದ.

“ಅವಳದ್ದು ಇದ್ದದ್ದೇ ಬಿಡಿ,” ಎಂದ ಕಾಂತರಾಜು. “ಹಿಂದೆ ಬೇಕಾದಷ್ಟು ಜಾಗ ಇದೆ, ಆರಾಮಾಗಿದೆ. ಕಣ್ಣಿಗೆ ಕಾಣ್ತಾ ಇದೆಯಲ್ಲ.”

“ನಾವು ಎತ್ತಿನ ಗಾಡೀಲಿ ಹಿಂದೆ ಕಾಲು ಇಳಿಬಿಟ್ಕೊಂಡು ಮಾಗಡಿ ತನಕ ಹೋಗ್ಲಿಲ್ವಾ?” ಎಂದರು ವೆಂಕಟಲಕ್ಷ್ಮಮ್ಮ. “ಯಾರು ಸತ್ರು?”

“ಎತ್ತಿನ ಗಾಡಿಗೆ ಟೆಂಪೊ ಬಂದು ಗುದ್ದಿರಲಿಲ್ಲ ಅತ್ತೆ.”

ಇಳಿದು ಬಂದು ಡಬರಿಯನ್ನು ಆ ಸೀಟಿನ ಹಿಂದೆ, ಡಿಕ್ಕಿಯಲ್ಲಿಟ್ಟಳು. ಬಾಗಿಲು ಮುಚ್ಚಿಕೊಳ್ಳಲಿಲ್ಲ. ಮಗ್ಗುಲಾಗಿಸಿದಳು, ಬೋರಲು ಹಾಕಿದಳು, ಆಗಲೂ ಮುಚ್ಚಿಕೊಳ್ಳಲಿಲ್ಲ. ಮೂರನೇ ಸಾಲು ಬಿಡಿಸಿದರೆ ಹಿಂದೆ ಸಾಮಾನಿಗೆ ಉಳಿಯುವುದು ಇಷ್ಟೇ ಜಾಗ ಎಂದು ಒಪ್ಪಿಕೊಂಡ ಗಿರಿರಾಜ್, “ತೊಡೆ ಮೇಲೆ ಇಟ್ಕೋಬಹುದು ಮೇಡಂ, ಎಲ್ಲಾರೂ ಹಾಗೇ ಮಾಡ್ತಾರೆ,” ಎಂದ.

ಆಗ ರಮ್ಯ ಮುಂದೆ ಬಂದಳು. ಪಿಯುಸಿ ಓದುವ ಹುಡುಗಿ, ಅಮ್ಮನಿಗಿಂತ ಎರಡು ಬೆರಳು ಎತ್ತರ. ಯಾರೂ ಹೇಳಿರಲಿಲ್ಲ. ಮಧ್ಯದ ಸೀಟನ್ನು ತಾನೇ ಮಡಚಿದಳು, ತಲೆ ಬಗ್ಗಿಸಿ ಒಳಗೆ ಹೋದಳು, ಮೂಲೆಗೆ ಸರಿದು ಕೂತು, ಎರಡೂ ಕೈ ಚಾಚಿದಳು.

“ಕೊಡಮ್ಮಾ. ನಾನು ಇಟ್ಕೋತೀನಿ.”

ಕುಸುಮಾಳ ಕೈಯಲ್ಲಿ ಡಬರಿ ಹಾಗೇ ನಿಂತಿತು. ಮಂಡಿ ಹೇಗೆ ಓರೆ ಮಾಡಬೇಕು, ಕತ್ತು ಎಷ್ಟು ಬಗ್ಗಿಸಬೇಕು, ಪಕ್ಕದಲ್ಲಿ ಅಮ್ಮನಿಗೆ ಎಷ್ಟು ಜಾಗ ಬಿಡಬೇಕು, ಎಲ್ಲವೂ ಹುಡುಗಿಗೆ ಗೊತ್ತಿತ್ತು. ಇದನ್ನು ಯಾರು ಕಲಿಸಿದರು? ಅತ್ತೆಯಲ್ಲ, ಗಂಡನಲ್ಲ. ಕೈಕೂಸನ್ನು ಮಡಿಲಲ್ಲಿ ಹಾಕಿಕೊಂಡು ಹಿಂದಿನ ಸೀಟಿಗೆ ಹತ್ತಿದ್ದು ತಾನು. “ಸುಮ್ನೆ ಕೂತ್ಕೋ ಚಿನ್ನ, ಇನ್ನೇನು ಬಂತು” ಎಂದು ಹದಿನಾರು ವರ್ಷ ಹೇಳಿದ್ದು ತಾನು. ಸಿಟ್ಟು ಕಾಲಿನಿಂದ ಹತ್ತಿ ನೆತ್ತಿಗೆ ಬಂತು. ಅರ್ಧ ಗಂಡನ ಮೇಲೆ, ಅರ್ಧ ತನ್ನ ಮೇಲೇ.

ಅಷ್ಟರಲ್ಲಿ ಗಿರಿರಾಜ್ ಟೆಸ್ಟ್ ಡ್ರೈವಿಗೆ ಲೈಸೆನ್ಸ್ ಕೇಳಿದ. ಕಾಂತರಾಜು ಜಂಬದಿಂದ ಪರ್ಸು ತೆಗೆದು ಕೊಟ್ಟ. ಹುಡುಗ ಅದನ್ನು ಎರಡು ಸಲ ತಿರುಗಿಸಿ ನೋಡಿದ.

“ಸಾರ್, ಇದು ಎರಡು ತಿಂಗಳ ಹಿಂದೇನೇ ಮುಗಿದಿದೆ.”

“ಮೂವತ್ತು ವರ್ಷದಿಂದ ಓಡಿಸ್ತಾ ಇದೀನಿ ಕಣಪ್ಪಾ.”

“ಗೊತ್ತಾಗುತ್ತೆ ಸಾರ್. ಆದ್ರೆ ಮ್ಯಾನೇಜರ್ ಬಿಡಲ್ಲ.”

ದರ್ಶನ್ ಹತ್ತಿರ ಇದ್ದದ್ದು ಎಲ್‌ಎಲ್, ಕಲಿಯುವವರ ಲೈಸೆನ್ಸ್, ಮಾತ್ರ. ಕುಸುಮಾ ಡಬರಿಯನ್ನು ಕೆಳಗಿಟ್ಟು, ಬ್ಯಾಗಿನಿಂದ ತನ್ನ ಲೈಸೆನ್ಸ್ ತೆಗೆದಳು. ಏಳು ವರ್ಷದ ಹಿಂದೆ ಕಾಂತರಾಜು ಕಾಲು ಮುರಿದುಕೊಂಡಾಗ, ಆಸ್ಪತ್ರೆಗೂ ಅಂಗಡಿಗೂ ಅವನನ್ನು ಮೂರು ತಿಂಗಳು ಓಡಾಡಿಸಿದವಳು ಅವಳೇ. ಕಾಲು ಕೂಡಿಕೊಂಡ ದಿನ ಅವನು ಕೀ ವಾಪಸ್ ಇಸಿದುಕೊಂಡಿದ್ದ.

“ನಾನು ಓಡಿಸ್ತೀನಿ. ರಮ್ಯ, ಇಳಿ. ಮಧ್ಯದಲ್ಲಿ ಕೂತ್ಕೋ.”

“ಮತ್ತೆ ನಾನು?” ಎಂದ ಕಾಂತರಾಜು.

“ಹಿಂದೆ ಆರಾಮಾಗಿದೆ ಅಂದ್ರಲ್ಲ. ಕೂತು ನೋಡಿ. ಇದೂ ನಿಮ್ಮ ಜೊತೇಲೇ ಇರ್ಲಿ.”

ಗಿರಿರಾಜ್ ಎದುರಿಗೆ ಆಡಿದ ಮಾತನ್ನು ಅವನ ಎದುರಿಗೇ ನುಂಗುವುದು ಕಾಂತರಾಜುವಿಗೆ ಆಗಲಿಲ್ಲ. ಹೊಟ್ಟೆ ಒಳಗೆ ಎಳೆದುಕೊಂಡು, ಮೊದಲು ಒಂದು ಕಾಲು, ಆಮೇಲೆ ಸೊಂಟ, ಕೊನೆಗೆ ತಲೆ ಎಂದು ಕಂತಿನಲ್ಲಿ ಒಳಗೆ ಹೋದ. ಡಬರಿ ಅವನ ತೊಡೆಯೇರಿತು. ಮಧ್ಯದಲ್ಲಿ ದರ್ಶನ್, ಗಿರಿರಾಜ್, ರಮ್ಯ. ವೆಂಕಟಲಕ್ಷ್ಮಮ್ಮ ಮುಂದೆ, ಸೆರಗನ್ನು ಬಿಗಿಯಾಗಿ ಹೊದ್ದು.

ಕುಸುಮಾ ಮಾಗಡಿ ರೋಡಿಗೆ ತಿರುಗಿದಳು. ಕಾಮಾಕ್ಷಿಪಾಳ್ಯದ ಬಸ್ಸುಗಳ ನಡುವೆ ನುಗ್ಗುವ ಹೊತ್ತಿಗೆ ಸ್ಟೇರಿಂಗ್ ಕೈಗೆ ಹೊಂದಿಕೊಂಡಿತು. ಸುಮನಹಳ್ಳಿಯಲ್ಲಿ ತಿರುಗಿಸಿಕೊಳ್ಳಿ ಮೇಡಂ ಎಂದ ಗಿರಿರಾಜ್. ದೇವರಿಗೆ ಹೋಗೋದು ಇದೇ ದಾರೀಲಿ, ಇನ್ನೂ ಸ್ವಲ್ಪ ನೋಡೋಣ ಎಂದು ಅವಳು ಮುಂದೆ ಹೋದಳು. ಹಂಪುಗಳಲ್ಲಿ ನಿಧಾನ ಮಾಡಿದಳು, ಆದರೂ ಹಿಂದೆ ಡಬರಿಯ ಸದ್ದಿನ ಜೊತೆ ‘ಅಬ್ಬಾ’ ಎಂಬುದೂ ಕೇಳಿಸುತ್ತಿತ್ತು.

“ಏಸಿ ಜಾಸ್ತಿ ಮಾಡೇ, ಇಲ್ಲಿಗೆ ಬರ್ತಾ ಇಲ್ಲ.”

“ಅಪ್ಪ ಏನೋ ಅಂತಿದಾರೆ,” ಎಂದಳು ರಮ್ಯ.

“ಹಿಂದಿನಿಂದ ಮಾತಾಡಿದ್ರೆ ಮುಂದಕ್ಕೆ ಕೇಳಿಸಲ್ಲ,” ಎಂದಳು ಕುಸುಮಾ. “ನಂಗೆ ಗೊತ್ತು.”

ಬ್ಯಾಡರಹಳ್ಳಿಯಲ್ಲಿ ಅವನು ಡಬರಿಯನ್ನೇ ಬಡಿದು ಗಾಡಿ ನಿಲ್ಲಿಸಿದ. ರಮ್ಯ ಇಳಿದು ಸೀಟು ಮಡಚಿ ದಾರಿ ಬಿಟ್ಟಳು, ಅಪ್ಪ ಹೊರಗೆ ಬಂದ ಮೇಲೆ ಮತ್ತೆ ಹತ್ತಿ ಬೆಲ್ಟ್ ಹಾಕಿಕೊಂಡಳು. ಕಾಂತರಾಜು ಒಂದು ಕೈ ಸೊಂಟಕ್ಕೂ ಒಂದು ಕೈ ಕತ್ತಿಗೂ ಕೊಟ್ಟು ರಸ್ತೆ ಬದಿಯಲ್ಲಿ ನೆಟ್ಟಗಾದ.

“ಬೇಡಪ್ಪಾ ಈ ಗಾಡಿ,” ಎಂದು ಗಿರಿರಾಜ್‌ಗೆ ಹೇಳಿದ. “ಹಿಂದೆ ಮನುಷ್ಯರು ಕೂರೋಕಾಗಲ್ಲ.”

ಕುಸುಮಾ ಕಿಟಕಿಯ ಗಾಜು ಇಳಿಸಿದಳು. ಕೂಗಲಿಲ್ಲ.

“ಇಪ್ಪತ್ತೆರಡು ವರ್ಷ ಅಲ್ಲಿ ಕೂತಿದ್ದು ಯಾರು?”

“ಅದು ಬೇರೆ, ಇದು ಬೇರೆ. ಮನೇಲಿ ಮಾತಾಡೋಣ.” ಅವನು ಮಧ್ಯದ ಬಾಗಿಲಿಗೆ ಬಂದ. “ರಮ್ಯ, ನೀನು ಹಿಂದೆ ಹೋಗಮ್ಮ.”

ಕನ್ನಡಿಯಲ್ಲಿ ಕುಸುಮಾಳಿಗೆ ಕಂಡಿತು: ಮಗಳ ಕೈ ಆಗಲೇ ಬೆಲ್ಟಿನ ಗುಂಡಿಯ ಮೇಲೆ ಹೋಗಿತ್ತು. ಬೇಸರವಿಲ್ಲ, ಪ್ರಶ್ನೆಯಿಲ್ಲ, ಬಾಗಿಲು ತಟ್ಟಿದರೆ ತೆರೆಯಲು ಏಳುವ ಹಾಗೆ. ಕುಸುಮಾ ಇಂಜಿನ್ ಆರಿಸಿದಳು.

“ರಮ್ಯ ಇಳಿದ್ರೆ ಗಾಡಿ ಇಲ್ಲೇ ನಿಲ್ಲುತ್ತೆ.”

“ಗಂಡಸು ಬೀದೀಲಿ ನಿಂತಿದಾನೆ, ಏನೇ ಇದು ನಿಂದು,” ಎಂದರು ವೆಂಕಟಲಕ್ಷ್ಮಮ್ಮ.

“ನಿಂತಿರ್ಲಿ ಅತ್ತೆ. ಹೋದ ವರ್ಷ ನನ್ನ ಕತ್ತು ಹೋಯ್ತು. ಅವತ್ತು ಇವಳಿಗೆ ಪರೀಕ್ಷೆ ಇತ್ತು, ಉಳಿದ್ಲು. ಪ್ರತಿ ಸಲ ಪರೀಕ್ಷೆ ಇರುತ್ತಾ?”

“ನಾನೇ ಹಿಂದೆ ಹೋಗ್ತೀನಿ ಮೇಡಂ,” ಎಂದು ಗಿರಿರಾಜ್ ಏಳಲು ಹೋದ.

“ನೀವು ಕೂತ್ಕೊಳ್ಳಿ. ಇದು ನಮ್ಮನೆ ವಿಷಯ.”

ಹಿಂದೆ ಒಂದು ಬಸ್ಸು ಹಾರ್ನ್ ಹೊಡೆಯಿತು. ಕಾಂತರಾಜು ಬಾಗಿಲು ಹಿಡಿದು ನಿಂತೇ ಇದ್ದ. ರಮ್ಯ ಅಪ್ಪನ ಮುಖ ನೋಡಿದಳು, ಕನ್ನಡಿಯಲ್ಲಿ ಅಮ್ಮನ ಕಣ್ಣು ನೋಡಿದಳು. ಹೇಳಿಕೊಟ್ಟು ಹೇಳಿಸಿದರೆ ಅದೂ ತನ್ನ ಮಾತೇ ಆಗುತ್ತದೆ ಎಂದು ಕುಸುಮಾ ಹಲ್ಲು ಕಚ್ಚಿ ಕೂತಳು.

“ನಾನು ಹಿಂದೆ ಕೂರಲ್ಲ ಅಪ್ಪ,” ಎಂದಳು ರಮ್ಯ. ದನಿ ಸಣ್ಣದಿತ್ತು. “ನಂಗೂ ಅಲ್ಲಿ ಆಗಲ್ಲ. ಯಾವತ್ತೂ ಆಗ್ತಿರಲಿಲ್ಲ.”

ಕಾಂತರಾಜುವಿನ ಕಣ್ಣು ಮಗನ ಕಡೆ ಹೊರಳಿತು. ದರ್ಶನ್, “ನನ್ನ ಕಾಲು…” ಎಂದು ಶುರುಮಾಡಿ, ತಂಗಿಯ ಮುಖ ಕಂಡು ಅಲ್ಲಿಗೇ ನಿಲ್ಲಿಸಿ, ತನ್ನ ಕಡೆಯಿಂದ ಇಳಿದು ಹಿಂದಕ್ಕೆ ತೂರಿಕೊಂಡ. ಅವನ ತಲೆ ಮೇಲೆ ತಗುಲಿದ್ದು ಎಲ್ಲರಿಗೂ ಕೇಳಿಸಿತು. ಕಾಂತರಾಜು ಸುತ್ತಿಬಂದು ಮಗ ಬಿಟ್ಟ ಜಾಗದಲ್ಲಿ ಕೂತ.

“ಮುಂದಿನ ಸಲ ನಂದಿನಿ ಲೇಔಟ್ ಭಾವ ಬಂದ್ರೆ ಅವರೂ ಸರದಿ ಪ್ರಕಾರ ಕೂರ್ಲಿ. ಇಷ್ಟ ಇಲ್ಲ ಅಂದ್ರೆ ಬಸ್ಸಿದೆ,” ಎಂದು ಕುಸುಮಾ ಕೀ ತಿರುಗಿಸಿದಳು. ಅತ್ತೆ ಕಿಟಕಿಯ ಆಚೆ ನೋಡುತ್ತ ಕೂತರು.

ಗೆದ್ದೆ ಎಂದು ಅವಳಿಗೆ ಅನ್ನಿಸಲಿಲ್ಲ. ಮಗಳು ಒಂದೇ ಉಸಿರಿನಲ್ಲಿ ಹೇಳಿದ ಮಾತನ್ನು ತಾನು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ ಎಂಬುದು ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಗಾಡಿ ತಿರುಗಿಸಿಕೊಂಡು ವಾಪಸ್ ಬರುವಾಗ ಸುಂಕದಕಟ್ಟೆ ದಾಟಿದ ಮೇಲೂ ರಮ್ಯ ಎದೆಯ ಮೇಲಿನ ಬೆಲ್ಟನ್ನು ಮುಷ್ಟಿಯಲ್ಲಿ ಬಿಗಿಹಿಡಿದೇ ಕೂತಿದ್ದಳು, ಯಾರೋ ಕಿತ್ತುಕೊಳ್ಳುತ್ತಾರೆ ಎನ್ನುವಂತೆ. ಆ ಮುಷ್ಟಿ ಸಡಿಲವಾಗುವ ತನಕ ಈ ಸಿಟ್ಟನ್ನು ಇಳಿಯಗೊಡಬಾರದು ಎಂದುಕೊಂಡು ಕುಸುಮಾ ಗೇರ್ ಬದಲಿಸಿದಳು.