ಮಕ್ಕಳು ಮಲಗಿರುವಾಗ ಹೊರಡುವ ಕಾರು

ಷೋರೂಮಿನಲ್ಲಿ ಅವನನ್ನು ಎಲ್ಲರೂ ಬೆಣ್ಣೆ ಎಂದೇ ಕರೆಯುತ್ತಿದ್ದರು. ಮಾತಿನಲ್ಲಿ ಬೆಣ್ಣೆ ಹಚ್ಚುತ್ತಾನೆಂದು ಇಟ್ಟ ಹೆಸರು. ಆದರೆ ಕಾರು ಮಾರುವಾಗ ಅವನು ಅರ್ಧ ಕೆಲಸ ಮಾಡುತ್ತಿದ್ದುದು ಬಾಯಿ ಮುಚ್ಚಿಕೊಂಡೇ.

ಗಿರಾಕಿಯನ್ನು ಟೆಸ್ಟ್ ಡ್ರೈವಿಗೆ ಕೂರಿಸಿಕೊಂಡರೆ ಸೀದಾ ನೀರಿನ ಟ್ಯಾಂಕಿನ ಹಿಂದಿನ ಇಳಿಜಾರಿಗೆ ಹೋಗುತ್ತಿದ್ದ. ಅಲ್ಲಿ ಬ್ರೇಕಿನ ಮೇಲೆ ಹಗುರವಾಗಿ ಕಾಲಿಟ್ಟರೆ ಎಂಜಿನ್ ತಾನಾಗಿಯೇ ಆರಿ, ಕಾರು ಕೆಳಗಿನ ಸಿಗ್ನಲ್ಲಿನವರೆಗೂ ಕೊಳದಲ್ಲಿ ದೋಣಿ ಜಾರಿದ ಹಾಗೆ ಜಾರುತ್ತಿತ್ತು. “ಓಹೋ, ಈಗ ಕರೆಂಟಲ್ಲಿ ಓಡ್ತಾ ಇದೆ!” ಎಂದು ಗಿರಾಕಿ ಹಿಗ್ಗುತ್ತಿದ್ದ. ಬೆಣ್ಣೆ ಮುಗುಳ್ನಗುತ್ತಿದ್ದ. ಹೌದು ಎನ್ನುತ್ತಿರಲಿಲ್ಲ, ಅಲ್ಲ ಎನ್ನುತ್ತಲೂ ಇರಲಿಲ್ಲ. ಕಾರನ್ನು ಓಡಿಸುತ್ತಿದ್ದುದು ಇಳಿಜಾರು.

ಅವರ ಷೋರೂಮಿನಲ್ಲಿ ಹೈಬ್ರಿಡ್ ಎಂಬ ಹೆಸರಿನಲ್ಲಿ ಎರಡು ಕಾರುಗಳಿದ್ದವು. ಒಂದು ಮೈಲ್ಡ್, ಅದರ ಪುಟ್ಟ ಮೋಟಾರು ಎಂಜಿನ್ನಿಗೆ ಕೈಜೋಡಿಸುತ್ತದೆ, ಅಷ್ಟೇ, ಒಂಟಿಯಾಗಿ ಗಜದಷ್ಟೂ ಎಳೆಯಲಾರದು. ಇನ್ನೊಂದು ಫುಲ್; ಅದು ನಿಧಾನದಲ್ಲಿ ಎಂಜಿನ್ನನ್ನು ಮಲಗಿಸಿ ಬ್ಯಾಟರಿಯಿಂದಲೇ ಸ್ವಲ್ಪ ದೂರ ಹೋಗಬಲ್ಲದು. ಎರಡರ ಬಾಗಿಲಿಗೂ ಒಂದೇ ಹಸಿರು ಎಲೆಯ ಚಿತ್ರ, ಎರಡರ ತಲೆಯ ಮೇಲೂ ಒಂದೇ ಬೋರ್ಡು: ‘ಹೈಬ್ರಿಡ್, ಸದ್ದಿಲ್ಲದ ಸವಾರಿ.’ ಮೈಲ್ಡ್ ಎಂಬ ಪದ ಬಾಯಿಂದ ಬರಕೂಡದೆಂದು ಮ್ಯಾನೇಜರ್ ಕಟ್ಟಪ್ಪಣೆ ಮಾಡಿದ್ದರು. “ಮೈಲ್ಡ್ ಅಂದ್ರೆ ಗಿರಾಕಿಗೆ ನೀರು ಬೆರೆಸಿದ ಹಾಲು ನೆನಪಾಗುತ್ತೆ ಕಣಯ್ಯಾ. ಹೈಬ್ರಿಡ್ ಅನ್ನು, ಸುಮ್ಮನಾಗು.”

ಹೀಗೆ ಸುಮ್ಮನಾಗುವುದರಲ್ಲಿ ಕೈ ಪಳಗಿದ್ದ ಹೊತ್ತಿನಲ್ಲೇ ಅವನ ಅಕ್ಕ, ಭಾವ ಕಾರು ಕೊಳ್ಳಲು ಬಂದರು.

ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಕೆಲಸಕ್ಕೆ ಹೋಗುವವರ ಕೂಸುಗಳನ್ನು ನೋಡಿಕೊಳ್ಳುತ್ತಿದ್ದಳು. ಮಧ್ಯಾಹ್ನ ಕೂಸುಗಳು ಮಲಗುವ ಹೊತ್ತಿಗೇ, ಅವಳ ಬಳಿಗೇ ಬರುವ ದೊಡ್ಡ ಮಕ್ಕಳ ಶಾಲೆ ಬಿಡುತ್ತದೆ. ಅವರನ್ನೂ ಅವಳೇ ಕರೆತರಬೇಕು. ಶೆಡ್ಡಿಗೂ ಮಲಗುವ ಕೋಣೆಗೂ ಒಂದೇ ಗೋಡೆ. ಹಳೆಯ ಕಾರು ಕೆಮ್ಮಿತೆಂದರೆ ಒಂದು ಕೂಸು ಏಳುತ್ತದೆ, ಒಂದು ಎದ್ದರೆ ಸಂತೆಯೇ ಎದ್ದ ಹಾಗೆ. ಅಷ್ಟೂ ಅಳುವ ಮಕ್ಕಳನ್ನು ಸಹಾಯದ ಹುಡುಗಿಯ ಮಡಿಲಿಗೆ ಹಾಕಿ ಓಡಬೇಕು. ಆ ಹುಡುಗಿ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆಂದು ಹೇಳಿಯಾಗಿತ್ತು. ಅವಳು ಬಿಟ್ಟರೆ ಅಕ್ಕ ಒಂದೋ ಕೂಸುಗಳನ್ನು ಬಿಡಬೇಕು, ಇಲ್ಲವೇ ಶಾಲೆಯ ಮಕ್ಕಳನ್ನು.

“ನಂಗೆ ಚಂದ ಬೇಡ, ಬಣ್ಣ ಬೇಡ. ಬೆಕ್ಕಿನ ಹಾಗೆ ಶೆಡ್ಡಿಂದ ಹೊರಗೆ ಹೋಗ್ಬೇಕು. ಅಷ್ಟಿದ್ರೆ ಸಾಕು ಕಣೋ,” ಎಂದಳು ಅಕ್ಕ.

“ನಿಮ್ಮಕ್ಕ ಬೋರ್ಡ್ ನೋಡ್ಕೊಂಡೇ ಬಂದಿದ್ದಾಳೆ,” ಎಂದರು ಭಾವ. ಅವರದು ಕನ್ನಡಕದ ಅಂಗಡಿ. “ಓದೋಕೆ ಕನ್ನಡಕ ಬೇಕಾಗಲಿಲ್ಲ ನೋಡು, ಅಷ್ಟು ದೊಡ್ಡ ಅಕ್ಷರ.”

ಮ್ಯಾನೇಜರ್ ಆಗಲೇ ಮೈಲ್ಡ್ ಕಾರಿನ ಕೀಲಿ ತಂದು ಬೆಣ್ಣೆಯ ಕೈಗಿತ್ತು ಕಣ್ಣು ಮಿಟುಕಿಸಿದರು. ಅಂಗಳದಲ್ಲಿ ಅವೇ ನಿಂತಿದ್ದವು, ಮಾರಿ ಮುಗಿಸಬೇಕಾಗಿತ್ತು. ಫುಲ್ ಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕು, ಬೆಲೆಯೂ ಹೆಚ್ಚು. ‘ಮೊದಲು ಓಡಿಸಿ ನೋಡಲಿ, ಆಮೇಲೆ ಹೇಳಿದರಾಯಿತು’ ಎಂದುಕೊಂಡು ಬೆಣ್ಣೆ ಸ್ಟೀರಿಂಗಿಗೆ ಕೂತ. ಹಾಗೆ ಅಂದುಕೊಂಡದ್ದು ನಿಜ. ಆದರೆ ರೂಢಿ ಕೆಟ್ಟದ್ದು. ಮನಸ್ಸು ಇನ್ನೂ ಮಾತು ಹುಡುಕುತ್ತಿರುವಾಗಲೇ ಕೈ ಟ್ಯಾಂಕಿನ ಕಡೆ ತಿರುಗಿಸಿತ್ತು. ಕಾಲು ಬ್ರೇಕಿನ ಮೇಲೆ ಹಗುರವಾಗಿ ಕೂತಿತ್ತು. ಎಂಜಿನ್ ಆರಿತು.

“ಅಯ್ಯೋ!” ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಉಸಿರೂ ಕೇಳಿಸಲ್ವಲ್ರೀ! ಇದೇ, ಇದೇ ನಂಗೆ ಬೇಕಾಗಿದ್ದು.”

“ನಿನ್ನ ತಮ್ಮ ಅಂದ್ರೆ ಸುಮ್ನೇನಾ?” ಎಂದರು ಭಾವ ಹಿಂದಿನ ಸೀಟಿನಿಂದ. “ಇವನ್ನ ನಂಬಿ ಬಂದ್ವಿ, ಬೇರೆ ಅಂಗಡಿ ಮೆಟ್ಟಿಲು ಹತ್ತಿಲ್ಲ ಕಣಪ್ಪ.”

ಬೆಣ್ಣೆಗೆ ಮುಗುಳ್ನಗು ಬರಲಿಲ್ಲ. ಸಿಗ್ನಲ್ ಬಿಟ್ಟೊಡನೆ ಎಂಜಿನ್ ಗುರ್ರ್ ಎಂದು ಎದ್ದಿತು. ಅಕ್ಕ ಅದನ್ನು ಗಮನಿಸಲೂ ಇಲ್ಲ. ಆಗಲೇ ಅವಳು ಯಾವ ಮಗುವಿನ ತಾಯಿಗೆ ಮೊದಲು ಸುದ್ದಿ ಹೇಳಬೇಕೆಂದು ಲೆಕ್ಕ ಹಾಕುತ್ತಿದ್ದಳು. ಅವನು ಕಾರನ್ನು ಸಮತಟ್ಟಾದ ಒಂದು ಗಲ್ಲಿಯೊಳಗೆ ತಂದು, ಪೂರ್ತಿ ಆರಿಸಿದ.

“ಅಕ್ಕ, ನೀನು ಈ ಕಡೆ ಬಂದು ಕೂತ್ಕೋ. ನಿಮ್ಮನೆ ಶೆಡ್ ಅಂತ ತಿಳ್ಕೋ. ಮಕ್ಕಳು ಮಲಗಿವೆ. ಈಗ ಹೊರಡು.”

ಅವಳು ನಗುತ್ತಲೇ ಸೀಟು ಬದಲಾಯಿಸಿ ಗುಂಡಿ ಒತ್ತಿದಳು. ಎಂಜಿನ್ ಎಲ್ಲ ಎಂಜಿನ್ನುಗಳ ಹಾಗೆಯೇ ಬೊಬ್ಬಿಟ್ಟಿತು. ಪಕ್ಕದ ಕಾಂಪೌಂಡಿನ ಮೇಲಿದ್ದ ಬೆಕ್ಕೊಂದು ಆಚೆ ಹಾರಿತು.

“ಇದೇನೋ ಇದು?”

“ಇದು ಇಷ್ಟೇ ಅಕ್ಕ. ಇದರ ಮೋಟಾರು ಸಹಾಯ ಮಾಡುತ್ತೆ. ಪೆಟ್ರೋಲು ಒಂಚೂರು ಉಳಿಸುತ್ತೆ. ಎಂಜಿನ್ ಇಲ್ದೆ ಹೊರಡೋಕೆ ಅದಕ್ಕಾಗಲ್ಲ.”

“ಅಂದ್ರೆ ನಿಮ್ಮ ಭಾವನ ಹಾಗೆ,” ಎಂದಳು ಅಕ್ಕ. “ಪಾತ್ರೆ ಒರೆಸಿಕೊಡ್ತಾರೆ. ತೊಳೆಯೋದು ನಾನೇ.”

“ನನ್ನ ಯಾಕೆ ಎಳೀತೀಯ ಮಧ್ಯೆ?” ಎಂದರು ಭಾವ.

ಅಕ್ಕ ನಗಲಿಲ್ಲ. “ಮತ್ತೆ ಅಲ್ಲಿ ಸದ್ದೇ ಇರಲಿಲ್ಲವಲ್ಲ?”

“ಅದು ಇಳಿಜಾರು.”

ಅವಳು ಗುಂಡಿ ಒತ್ತಿ ಎಂಜಿನ್ ಆರಿಸಿದಳು. “ಗೊತ್ತಿದ್ದೂ ಕರ್ಕೊಂಡು ಹೋದ್ಯಾ ನನ್ನ?”

“ಎಲ್ಲರನ್ನೂ ಅಲ್ಲೇ ಕರ್ಕೊಂಡು ಹೋಗ್ತೀನಿ ಅಕ್ಕ.”

“ನಾನು ಎಲ್ಲರೂ ಆದ್ನಾ ನಿಂಗೆ?” ಎಂದವಳು, ತಡೆದು, “ಆ ಎಲ್ಲರ ಮನೇಲೂ ಯಾರಾದ್ರೂ ಮಲಗಿರಲ್ವೇನೋ?” ಎಂದಳು.

ಬಾಯಿ ಮುಚ್ಚಿಕೊಳ್ಳುವುದು ಇಷ್ಟು ಕಷ್ಟವೆಂದು ಬೆಣ್ಣೆಗೆ ಮೊದಲ ಸಲ ಅನ್ನಿಸಿತು. ವಾಪಸು ಬಂದು ಮ್ಯಾನೇಜರಿಗೆ, “ಸರ್, ಇವರಿಗೆ ಮೈಲ್ಡ್ ಆಗಲ್ಲ,” ಎಂದ. ನಾಲ್ಕು ಜನ ಗಿರಾಕಿಗಳಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಎಂದ. ಅವರಲ್ಲೊಬ್ಬರು, “ಮೈಲ್ಡ್ ಅಂದ್ರೇನ್ರೀ?” ಎಂದು ಕೇಳಿದರು. ಮ್ಯಾನೇಜರ್ ಅವನನ್ನು ನುಂಗುವ ಹಾಗೆ ನೋಡಿ ಅವರತ್ತ ಹೋದರು.

ಮರುದಿನ ಮಧ್ಯಾಹ್ನ, ಕೂಸುಗಳು ಮಲಗುವ ಹೊತ್ತಿಗಿಂತ ಮುಂಚೆಯೇ, ಅವನು ಷೋರೂಮಿನಲ್ಲಿ ಟೆಸ್ಟ್ ಡ್ರೈವಿಗೆಂದು ಇಟ್ಟಿದ್ದ ಫುಲ್ ಕಾರನ್ನು ಅಕ್ಕನ ಶೆಡ್ಡಿಗೆ ತಂದು ನಿಲ್ಲಿಸಿದ. ಬಾಯಿ ಬಿಟ್ಟು ಎಲ್ಲವನ್ನೂ ಹೇಳಿದ: “ಬೆಳಿಗ್ಗೆ ತಣ್ಣಗಿದ್ದಾಗ ಇದರ ಎಂಜಿನ್ನೂ ಏಳುತ್ತೆ. ಬ್ಯಾಟರಿ ಇಳಿದಿದ್ರೂ ಏಳುತ್ತೆ. ನೀನು ಬೆಳಿಗ್ಗೆ ಒಂದು ಸುತ್ತು ಓಡಿಸಿರ್ತೀಯಲ್ಲ, ಮಧ್ಯಾಹ್ನ ಸಾಮಾನ್ಯವಾಗಿ ಏಳಲ್ಲ. ಯಾವತ್ತೂ ಏಳಲ್ಲ ಅಂತ ಮಾತ್ರ ಹೇಳಲ್ಲ ನಾನು. ಮತ್ತೆ ರಸ್ತೇಲಿ ನಡೆಯೋರಿಗೆ ಗೊತ್ತಾಗಲಿ ಅಂತ ಸಣ್ಣಗೆ ಗುಂಯ್ ಅನ್ನುತ್ತೆ.”

“ಇವತ್ತು ಬಹಳ ಮಾತಾಡ್ತೀಯ,” ಎಂದಳು ಅಕ್ಕ ಕೀಲಿ ಕಸಿದುಕೊಂಡು.

ಕೂಸುಗಳು ಮಲಗಿದ ಮೇಲೆ ಅವಳು ಶೆಡ್ಡಿಗೆ ಹೋದಳು; ಅವನೂ ಭಾವನೂ ಮಲಗುವ ಕೋಣೆಯ ಬಾಗಿಲಲ್ಲಿ ನಿಂತರು. ಪರದೆ ಎಳೆದಿತ್ತು. ಚಾಪೆಗಳ ಮೇಲೆ ಕೂಸುಗಳು ಸಿಕ್ಕಸಿಕ್ಕ ಹಾಗೆ ಮಲಗಿದ್ದವು, ಒಂದರ ಕಾಲು ಇನ್ನೊಂದರ ಹೊಟ್ಟೆಯ ಮೇಲೆ. ಚಮಚ ಬಿದ್ದರೂ ಏಳುವ ಪುಟಾಣಿಯೊಬ್ಬಳು ಗೋಡೆಯ ಪಕ್ಕದಲ್ಲೇ ಇದ್ದಳು. ಸಹಾಯದ ಹುಡುಗಿ ಅವಳ ಬೆನ್ನಿನ ಮೇಲೆ ಕೈಯಿಟ್ಟು, ಬರುವ ಅಳುವಿಗೆ ಸಿದ್ಧಳಾಗಿ ಕೂತಿದ್ದಳು. ಗೋಡೆಯ ಆಚೆ ದೂರದ ಜೇನುಹುಳುವಿನಂಥ ಸದ್ದಾಯಿತು. ಪುಟಾಣಿ ತುಟಿ ಚಪ್ಪರಿಸಿ, ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು ಮಗ್ಗುಲಾದಳು. ಹುಡುಗಿ ನಿಧಾನವಾಗಿ ಕೈ ತೆಗೆದಳು.

“ಹೊರಟ್ಳಾ?” ಭಾವ ಪಿಸುಗುಟ್ಟಿದರು.

“ಗೇಟು ದಾಟಿರ್ತಾಳೆ ಭಾವ.”

“ಕಾಯ್ಬೇಕಲ್ಲ ಇದಕ್ಕೆ?”

“ಕಾಯ್ಬೇಕು. ನಮ್ಮ ಮುಂದೆ ತುಂಬ ಜನ ಇದ್ದಾರೆ. ನಿಮ್ಮನ್ನ ನಡುವೆ ತೂರಿಸೋಕೆ ನನ್ನ ಕೈಲಾಗಲ್ಲ.”

ಭಾವ ಹುಡುಗಿಯತ್ತ ನೋಡಿದರು. “ಅಲ್ಲಿವರೆಗೂ ಇರ್ತೀಯೇನಮ್ಮಾ?”

“ಹಳೇ ಕಾರು ಕೆಮ್ಮೋ ಹಾಗಿದ್ರೆ ಇರಲ್ಲ,” ಎಂದಳು ಅವಳು, ಮುಲಾಜಿಲ್ಲದೆ.

“ಕೆಮ್ಮಲ್ಲ. ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ನಾನೇ ರಸ್ತೆ ತಿರುವಿನವರೆಗೂ ತಳ್ತೀನಿ. ಅಲ್ಲಿ ಸ್ಟಾರ್ಟ್ ಮಾಡ್ಕೊಳ್ಳಲಿ.”

“ನಿಮ್ಮ ಸೊಂಟ, ಭಾವ?”

“ನೀನೂ ಬಾ,” ಎಂದರು ಭಾವ. “ಊಟದ ವಿರಾಮ ಇರುತ್ತಲ್ಲ ನಿಂಗೆ?”

ಬೆಣ್ಣೆಗೆ ನಗು ಉಕ್ಕಿತು. ಹುಡುಗಿ ತುಟಿಯ ಮೇಲೆ ಬೆರಳಿಟ್ಟು ಗದರಿಸಿದಳು. ಅವನು ತಲೆಯಾಡಿಸಿ, ಬರುತ್ತೇನೆಂದು ಸನ್ನೆ ಮಾಡಿದ.